ವಸಂತದ ಹಕ್ಕಿಗೆ ಫೋನ್‌ನಿಂದ ಕೂಗಬೇಡಿ

ಹಕ್ಕಿ ನೋಡೋಕೆ ಹೋಗೋ ಗೆಳೆಯರ ಗುಂಪು ನಿಮ್ಮದೂ ಇದ್ರೆ ಇವತ್ತಿನ ಮಾತು ನಿಮಗೇ.

ಮಾರ್ಚ್‌ನ ಒಂದು ಭಾನುವಾರ ನಾವು ನಾಲ್ಕು ಜನ ಕೊಕ್ಕರೆಬೆಳ್ಳೂರಿಗೆ ಹೋಗಿದ್ವಿ. ಮದ್ದೂರು ತಾಲ್ಲೂಕು, ಬೆಂಗಳೂರಿಂದ ಸುಮಾರು 80 ಕಿಲೋಮೀಟರ್. ಇಲ್ಲಿ ಕಾಡು ಹುಡುಕೋದೇ ಬೇಡ. ಮನೆ ಹಿತ್ತಲಿನ ಹುಣಸೆಮರದಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಗೂಡು. ಕೆಳಗೆ ಎಮ್ಮೆ, ಮೇಲೆ ಪೆಲಿಕನ್! ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ ಊರಿನವರು. ಹಿಕ್ಕೆ ಹೊಲಕ್ಕೆ ಗೊಬ್ಬರ ಆಗುತ್ತೆ. ಸರ್ಕಾರ ಇದನ್ನ ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದ್ದು 2007ರಲ್ಲಿ. ಊರಿನವರು ಕಾಯ್ತಾ ಬಂದಿರೋದು ಅದಕ್ಕೂ ಎಷ್ಟೋ ಮುಂಚಿನಿಂದ.

ಬೆಳೆದ ಬಣ್ಣದ ಕೊಕ್ಕರೆ ಹಾಡಲ್ಲ, ಕೊಕ್ಕನ್ನ ಪಟಪಟ ಬಡಿಯುತ್ತೆ. ಗಲಾಟೆ ಎಲ್ಲ ಮರಿಗಳದ್ದು. ಬಿಸಿಲು ಏರಿದಾಗ ಬಹಳ ಜನ ವಾಪಸ್ ಹೊರಡ್ತಾರೆ. ನಾವು ಬುತ್ತಿ ಬಿಚ್ಚಿ ಒಂದೇ ಮರದ ಕೆಳಗೆ ಕೂತ್ವಿ. ಒಂದು ಕೊಕ್ಕರೆ ರೆಕ್ಕೆ ಅಗಲಿಸಿ, ಬಿಸಿಲಿಗೆ ಬೆನ್ನು ಕೊಟ್ಟು, ಮರಿಗಳಿಗೆ ಕೊಡೆ ಹಿಡಿದಂಗೆ ನಿಂತಿತ್ತು. ನನ್ನ ಪ್ರಕಾರ ಆ ದಿನದ ಬೆಸ್ಟ್ ನೋಟ ಅದೇ.

ಸಂಜೆ ಶಿಂಷಾ ಹೊಳೆ ಕಡೆ ನಡೆದ್ವಿ. ತಂತಿ ಮೇಲೆ ಮಡಿವಾಳ ಹಕ್ಕಿ ಹಾಡ್ತಿತ್ತು. ಮರ್ಲಿನ್ ಆ್ಯಪ್ ಕೇಳಿಸ್ಕೊಂಡು ಹೆಸರು ಹೇಳ್ತು. ಅಲ್ಲಿವರೆಗೂ ಸರಿ. ಆಮೇಲೆ ಒಬ್ಬ ಗೆಳೆಯ, ಹತ್ತಿರದ ಫೋಟೊ ಸಿಗ್ಲಿ ಅಂತ, ಅದೇ ಹಾಡಿನ ರೆಕಾರ್ಡಿಂಗ್ ಜೋರಾಗಿ ಹಾಕಿದ. ಹಕ್ಕಿ ಹಾಡು ನಿಲ್ಲಿಸ್ತು. ಬಾಲ ಎತ್ತಿ ಕೆಳಗಿಳೀತು. ಪೊದೆ ಪೊದೆಯಲ್ಲೂ ಯಾರನ್ನೋ ಹುಡುಕ್ತು.

ನಮಗೆ ಅದು ಒಳ್ಳೆ ಶಾಟ್. ಹಕ್ಕಿಗೆ? ವಸಂತದಲ್ಲಿ ಗಂಡುಹಕ್ಕಿಯ ಹಾಡು ಅಂದ್ರೆ ಬೇಲಿ: 'ಇದು ನನ್ನ ಜಾಗ' ಅಂತ. ಫೋನ್ ಕೂಗಿದ್ರೆ ಇನ್ನೊಂದು ಗಂಡು ನುಗ್ಗಿದೆ ಅಂದ್ಕೊಳ್ಳುತ್ತೆ. ಹುಳ ಹುಡುಕೋದು, ಗೂಡು ಕಾಯೋದು ಬಿಟ್ಟು, ಇಲ್ಲದ ಎದುರಾಳಿ ಜೊತೆ ಜಗಳಕ್ಕೆ ನಿಲ್ಲುತ್ತೆ. ಒಂದೇ ಜಾಗಕ್ಕೆ ವಾರವಾರ ಹತ್ತು ಗುಂಪು ಬಂದು ಹೀಗೇ ಮಾಡಿದ್ರೆ ಅದರ ಗತಿ ಏನು?

'ಸಾಕು ನಿಲ್ಸೋ' ಅಂದ್ವಿ. ನಿಲ್ಲಿಸಿದ, ಸ್ವಲ್ಪ ಮುಖ ಊದಿಸ್ಕೊಂಡು. ಹಕ್ಕಿ ತಂತಿಗೆ ಮರಳೋಕೆ ಹತ್ತು ನಿಮಿಷ ಬೇಕಾಯ್ತು.

ಕೂಗು ಕಲಿಯೋ ಆಸೆ ಇದ್ಯಾ? ಮನೇಲೋ ಬಸ್ಸಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳಿ. ಮರದ ಕೆಳಗೆ ಸ್ಪೀಕರ್ ಮಾತ್ರ ಬೇಡ. ಮುಂದಿನ ವಾರ ಸಿಗೋಣ.