ಅಸಮ ಯಂತ್ರಗಳಲ್ಲಿ ಗಣನಕಾರ್ಯದ ಹಂಚಿಕೆ



ತುಂಗಭದ್ರೆಯು ಹೂವಿನಹಡಗಲಿ ಸೀಮೆಯ ಅಂಚನ್ನು ತೊಳೆಯುತ್ತ ಹರಿಯುವಳಾದರೂ ಇಲ್ಲಿಯ ಎರೆ ಮಸಾರಿ ಹೊಲಗಳೊಳಗೆ ಬಹುಭಾಗವು ಇಂದಿಗೂ ಮುಗಿಲನ್ನೇ ನಂಬಿಕೊಂಡಿರುವುದು. ಸಾಲಮಾಡಿ ಬೀಜವನ್ನು ತಂದಿಟ್ಟುಕೊಂಡ ಒಕ್ಕಲಿಗನು ಹದಮಳೆಯು ಈ ವಾರ ಬರುವುದೋ ಮುಂದಿನ ವಾರ ಬರುವುದೋ ಎಂಬುದನ್ನು ಮೊದಲೇ ಅರಿತನಾದರೆ ಬೀಜವುಳಿಯುವುದು. ಅರಿಯದೆ ಬಿತ್ತಿದನಾದರೆ ಬೀಜವೂ ಸಾಲವೂ ಒಟ್ಟಿಗೆ ಮಣ್ಣುಪಾಲಾಗುವುವು. ಆದುದರಿಂದ ಮಳೆಯ ಮುನ್ಸೂಚನೆಯು ಎಂತಹ ಗಣನೆಯಿಂದ ಹೊರಡುವುದು, ಆ ಗಣನೆಯನ್ನು ಒಂದಕ್ಕೊಂದು ಸಮನಲ್ಲದ ಅನೇಕ ಯಂತ್ರಗಳಿಗೆ ಹಂಚಿಕೊಡುವ ವಿದ್ಯೆ ಯಾವುದು ಎಂಬುದನ್ನು ಶಿಷ್ಯಸಮೂಹವು ಅರಿಯುವುದು ಅಪ್ರಸ್ತುತವೆನಿಸಲಾರದು. ಕಂಪ್ಯೂಟರಿನ ವಿಷಯವು ಪಾಠಶಾಲೆಗೆ ಹೊರತಾದುದೆಂದು ಹಲವರು ಭಾವಿಸಿರುವರು. ವಾಸ್ತವದಲ್ಲಿ ಇದು ಕೆಲಸ ಹಂಚುವ ವಿದ್ಯೆ. ದೊಡ್ಡ ಮದುವೆಯ ಅಡುಗೆಯನ್ನು ಮುಂದೆ ನಿಂತು ನಡೆಯಿಸಿದವರೆಲ್ಲರೂ ಇದರ ಅರ್ಧವನ್ನು ಬಲ್ಲರು.

ಮಳೆಯ ಲೆಕ್ಕದ ಕ್ರಮವೇನೆಂದರೆ: ಭೂಮಿಯ ಮೇಲಣ ಆಕಾಶವನ್ನು ಚದುರಂಗದ ಹಾಸಿನಂತೆ ಮನೆಮನೆಗಳಾಗಿ ಕಲ್ಪಿಸುವುದು, ಒಂದೊಂದು ಮನೆಯಲ್ಲಿಯೂ ಗಾಳಿಯ ವೇಗ, ಒತ್ತಡ, ಉಷ್ಣ, ತೇವ ಇವುಗಳನ್ನು ಅಂಕಿಗಳಾಗಿ ಬರೆದುಕೊಳ್ಳುವುದು, ಭೌತಶಾಸ್ತ್ರದ ಸಮೀಕರಣಗಳ ಮೂಲಕ ಕೆಲವು ನಿಮಿಷಗಳ ಮುಂದಣ ಸ್ಥಿತಿಯನ್ನು ಸಾಧಿಸುವುದು, ಬಂದ ಉತ್ತರವನ್ನೇ ಹಿಡಿದು ಮತ್ತೆ ಕೆಲವು ನಿಮಿಷ ಮುಂದಕ್ಕೆ ಹೋಗುವುದು. ಇಂಗ್ಲೆಂಡಿನ ಲೂಯಿ ಫ್ರೈ ರಿಚರ್ಡ್‌ಸನ್ನನೆಂಬ ವಿದ್ವಾಂಸನು 1922ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ವಿಶಾಲವಾದ ಸಭಾಮಂಟಪವನ್ನು ಕಲ್ಪಿಸಿದನು. ಅದರೊಳಗೆ 64,000 ಮಂದಿ ಲೆಕ್ಕಿಗರು ಕುಳಿತಿರಬೇಕು. ಪ್ರತಿಯೊಬ್ಬನೂ ಭೂಮಿಯ ಒಂದು ತುಂಡಿನ ಲೆಕ್ಕವನ್ನು ಮಾಡಿ ನೆರೆಯವನಿಗೆ ತಿಳಿಸಬೇಕು. ನಡುವೆ ನಿಂತ ಮೇಲ್ವಿಚಾರಕನು ಮುಂದೋಡಿದವರನ್ನು ತಡೆದು ಹಿಂದುಳಿದವರನ್ನು ಎಚ್ಚರಿಸಬೇಕು. ಆಗ ಯಂತ್ರಗಳಿರಲಿಲ್ಲ. 1910ರ ಮೇ 20ರ ಆರು ಗಂಟೆಗಳ ಹವೆಯನ್ನು ಅವನು ಕೈಯಿಂದಲೇ ಲೆಕ್ಕ ಹಾಕಿದನು. ಅದಕ್ಕೆ ವಾರಗಟ್ಟಲೆ ಕಾಲ ಹಿಡಿಯಿತು, ಬಂದ ಉತ್ತರವೂ ತಪ್ಪಾಯಿತು. ಆದರೂ ಆ ಮಂಟಪದ ಕಲ್ಪನೆಯಲ್ಲಿ ಇಂದಿನ ವಿದ್ಯೆಯ ಬೀಜವೆಲ್ಲವೂ ಇದ್ದಿತು. ಹಂಚಿಕೆ, ನೆರೆಯವನೊಡನೆ ಮಾತು, ಹಿಂದುಳಿದವನಿಗಾಗಿ ಕಾಯುವಿಕೆ, ಈ ಮೂರನ್ನು ಬಿಟ್ಟರೆ ಉಳಿಯುವುದು ಅಲ್ಪ.

ಮನೆಗಳು ಚಿಕ್ಕವಾದಷ್ಟೂ ಸೂಚನೆಯು ಹಳ್ಳಿಗೆ ಹತ್ತಿರವಾಗುವುದು. 12 ಕಿಲೋಮೀಟರಿನ ಮನೆಯೊಂದು 144 ಚದರ ಕಿಲೋಮೀಟರನ್ನು ನುಂಗುವುದು. ಅದರೊಳಗೆ ಒಂದೂರಿನಲ್ಲಿ ಮಳೆ ಸುರಿದು ಪಕ್ಕದ ಊರು ಒಣಗಿದ್ದರೂ ಲೆಕ್ಕಕ್ಕೆ ಎರಡೂ ಒಂದೇ. 6 ಕಿಲೋಮೀಟರಿಗೆ ಇಳಿಸಿದರೆ ಮನೆಗಳು ನಾಲ್ಮಡಿಯಾಗುವುವು, ಕಾಲದ ಹೆಜ್ಜೆಯೂ ಅರ್ಧವಾಗಬೇಕಾಗುವುದರಿಂದ ಕೆಲಸವು ಎಂಟುಮಡಿಯಾಗುವುದು. ಭಾರತದ ಹವಾಮಾನ ಇಲಾಖೆಯು 2025ರ ಮೇ 26ರಂದು ಆರಂಭಿಸಿದ ‘ಭಾರತ್ ಫೋರ್ಕಾಸ್ಟ್ ಸಿಸ್ಟಂ’ ಎಂಬುದು ಈ 6 ಕಿಲೋಮೀಟರಿನ ಲೆಕ್ಕವೇ. ಇಂತಹ ಲೆಕ್ಕಗಳಿಗಾಗಿ ಪುಣೆಯಲ್ಲಿ 11.77 ಪೆಟಾಫ್ಲಾಪಿನ ‘ಅರ್ಕ’ವೂ ನೋಯ್ಡಾದಲ್ಲಿ 8.24 ಪೆಟಾಫ್ಲಾಪಿನ ‘ಅರುಣಿಕಾ’ವೂ 2024ರಲ್ಲಿ ಪ್ರತಿಷ್ಠಿತವಾದುವು. ಒಂದು ಪೆಟಾಫ್ಲಾಪ್ ಎಂದರೆ ಸೆಕೆಂಡಿಗೆ ಹತ್ತು ಕೋಟಿ ಕೋಟಿ ಲೆಕ್ಕ. ಸಂಖ್ಯೆಯನ್ನು ಕೇಳಿ ಬೆರಗಾಗುವವರು ಒಂದನ್ನು ಮರೆಯುವರು; ಅದು ಒಂದೇ ಯಂತ್ರದ ವೇಗವಲ್ಲ, ಸಾವಿರಾರು ಪ್ರೊಸೆಸರುಗಳ ಕೂಡಿಕೆಯ ವೇಗ. ಕೂಡಿಕೆಯು ಕೆಟ್ಟರೆ ಅದರಲ್ಲಿ ಹತ್ತನೆಯ ಒಂದು ಪಾಲೂ ಕೈಗೆ ಹತ್ತದು.

ಕೂಡಿಕೆಯು ಕೆಡುವ ಬಗೆಯನ್ನು ಹಡಗಲಿಯ ಮಲ್ಲಿಗೆಯಿಂದಲೇ ಹೇಳಬಹುದು. ಬೆಳಗಿನ ಜಾವದಲ್ಲಿ ಬಿಡಿಸಿದ ಮೊಗ್ಗು ಅರಳುವ ಮುನ್ನ ಕಟ್ಟಾಗಿ ಬಸ್ಸನ್ನೇರಬೇಕು. ಕಟ್ಟುವವರು ಹತ್ತು ಜನ. ಅವರೊಳಗೆ ಇಬ್ಬರು ಪಳಗಿದ ಹೆಂಗಸರು, ಮೂವರು ಮುದುಕಿಯರು, ಉಳಿದವರು ಹುಡುಗಿಯರು. ಎಲ್ಲರಿಗೂ ಸಮವಾಗಿ ಹತ್ತರಲ್ಲೊಂದು ಪಾಲನ್ನು ಹಂಚಿದರೆ ನೋಡುವುದಕ್ಕೆ ನ್ಯಾಯವಾಗಿ ತೋರುವುದು. ಆದರೆ ಪಳಗಿದವರು ಬೇಗ ಮುಗಿಸಿ ಸುಮ್ಮನೆ ಕುಳಿತಿರುವರು, ಬಸ್ಸು ಕಡೆಯ ಹುಡುಗಿಯ ದಾರಕ್ಕಾಗಿ ನಿಂತಿರುವುದು. ಹಾಗಾದರೆ ಮೊಗ್ಗನ್ನು ನಡುವೆ ರಾಶಿಹಾಕಿ, ಮುಗಿದವರು ಮುಗಿದಂತೆ ಬಂದು ಬೊಗಸೆಬೊಗಸೆಯಾಗಿ ಒಯ್ಯಲೆಂದರೆ? ಇದು ಉತ್ತಮ, ಆದರೆ ಬೊಗಸೆಗೆ ಬದಲು ಹತ್ತೇ ಮೊಗ್ಗು ಒಯ್ಯುವ ನಿಯಮವಾದರೆ ಕಟ್ಟುವ ಹೊತ್ತಿಗಿಂತ ಎದ್ದು ನಡೆದಾಡುವ ಹೊತ್ತೇ ಹೆಚ್ಚುವುದು. ಪಾಲು ಎಷ್ಟು ದೊಡ್ಡದಿರಬೇಕು ಎಂಬ ಈ ಒಂದು ಪ್ರಶ್ನೆಯನ್ನು ಪ್ರೋಗ್ರಾಮು ಬರೆಯುವವನು, ಎಂದರೆ ಯಂತ್ರಕ್ಕೆ ಆಜ್ಞಾಪಟ್ಟಿಯನ್ನು ಬರೆದುಕೊಡುವವನು, ಪ್ರತಿಯೊಂದು ಯಂತ್ರಸಮೂಹಕ್ಕೂ ಹೊಸದಾಗಿಯೇ ಬಿಡಿಸಬೇಕು. ಕಟ್ಟಿದುದೆಲ್ಲವನ್ನೂ ಕಡೆಗೆ ಎಣಿಸಿ ಬುಟ್ಟಿಗೆ ತುಂಬುವವನು ಒಬ್ಬನೇ ಆದರೆ ಇನ್ನೊಂದು ತೊಡಕು. ಜೀನ್ ಆಮ್ಡಾಲನು 1967ರಲ್ಲಿ ತೋರಿಸಿದಂತೆ, ಕೆಲಸದಲ್ಲಿ ಹತ್ತನೆಯ ಒಂದು ಪಾಲು ಒಬ್ಬನಿಂದಲೇ ಆಗತಕ್ಕುದಾದರೆ ಸಾವಿರ ಜನರು ಸೇರಿದರೂ ವೇಗವು ಹತ್ತುಪಟ್ಟನ್ನು ಮೀರದು.

ಕನ್ನಡನಾಡಿನಲ್ಲಿ ಈ ವಿದ್ಯೆಯು ಬೇರೂರಿದುದು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ. ಆಗ ಅದರ ನಿರ್ದೇಶಕರು ರೊದ್ದಂ ನರಸಿಂಹ ಅವರು. ವಿಮಾನದ ರೆಕ್ಕೆಯ ಸುತ್ತಣ ಗಾಳಿಯ ಹರಿವನ್ನು ಗಣಿಸಲು ದೊಡ್ಡ ಯಂತ್ರವು ಬೇಕಾಗಿದ್ದಿತು. ಅಂತಹ ಯಂತ್ರಗಳನ್ನು ಭಾರತಕ್ಕೆ ಮಾರಲು ಅಮೆರಿಕವು ಆ ದಶಕದಲ್ಲಿ ಹಿಂದೆಗೆಯುತ್ತಿದ್ದಿತು. ಯು. ಎನ್. ಸಿನ್ಹಾ ಅವರ ಮುಂದಾಳುತನದಲ್ಲಿ ಪೇಟೆಯಲ್ಲಿ ದೊರೆಯುವ ಇಂಟೆಲ್ 8086 ಎಂಬ ಸಾಮಾನ್ಯ ಪ್ರೊಸೆಸರುಗಳನ್ನೇ ಜೊತೆಗೂಡಿಸಿ 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಯಂತ್ರವನ್ನು ಕಟ್ಟಿದರು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ‘ಪರಮ್ 8000’ ಬಂದುದು 1991ರಲ್ಲಿ. ಹಿರಿತನವು ಬೆಂಗಳೂರಿನ ಯಂತ್ರಕ್ಕೆ ಸಲ್ಲತಕ್ಕುದು, ಹೆಸರು ಮಾತ್ರ ಕಿರಿದಾಗಿಯೇ ಉಳಿಯಿತು. ರೆಕ್ಕೆಯ ಗಾಳಿಗಾಗಿ ಹುಟ್ಟಿದ ಆ ಯಂತ್ರವಂಶವೇ ಮುಂದೆ ಮಳೆಯ ಗಾಳಿಯನ್ನೂ ಗಣಿಸಿತು.

ಒಂದು ಕೋಣೆಯೊಳಗಣ ಯಂತ್ರಗಳ ಮಾತು ಹೀಗಾಯಿತು. ಊರೂರುಗಳಲ್ಲಿ ಚದರಿರುವ, ಬೇರೆಬೇರೆ ಜಾತಿಯ ಯಂತ್ರಗಳನ್ನು ಕೂಡಿಸುವುದು ಇನ್ನೂ ಕಠಿನವು. ಸಿ-ಡ್ಯಾಕ್ ಸಂಸ್ಥೆಯು ಈ ಶತಮಾನದ ಮೊದಲ ದಶಕದಲ್ಲಿ ‘ಗರುಡ’ವೆಂಬ ಜಾಲವನ್ನು ಹೂಡಿ, ಮೊದಲ ಹಂತದಲ್ಲಿಯೇ 17 ನಗರಗಳ 45 ವಿದ್ಯಾಸಂಸ್ಥೆ ಸಂಶೋಧನಾಸಂಸ್ಥೆಗಳನ್ನು ಜೋಡಿಸಿತು. ಬೆಂಗಳೂರಿನಲ್ಲಿದ್ದ ‘ಪರಮ್ ಪದ್ಮ’ವು ಐ.ಬಿ.ಎಂ. ಪವರ್ ಪ್ರೊಸೆಸರುಗಳಿಂದಾದುದು, ಬೇರೆಡೆಗಳಲ್ಲಿ ಇಂಟೆಲ್ ಯಂತ್ರಗಳೂ ಇದ್ದುವು. ಇವೆರಡೂ ಸಂಖ್ಯೆಯನ್ನು ನೆನಪಿನಲ್ಲಿಡುವ ಕ್ರಮವೇ ಬೇರೆ. ಪಾಠಶಾಲೆಯಲ್ಲಿ ಓದಿದವರಿಗೆ ಇದು ಕ್ಷಣದಲ್ಲಿ ತಿಳಿಯುವುದು: ಶಬ್ದಾಂಕಗಳಲ್ಲಿ ‘ಬಾಣ-ನಯನ’ ಎಂದು ಬರೆದಿದ್ದರೆ ಬಿಡಿಸ್ಥಾನವು ಮೊದಲು ಬರುವುದರಿಂದ ಅದು 25, ಕ್ರಮವನ್ನರಿಯದವನು 52 ಎಂದು ಓದಿ ಶಕವರ್ಷವನ್ನೇ ಕೆಡಿಸುವನು. ಇಂಟೆಲ್ ಯಂತ್ರವು ಬಿಡಿಯಿಂದ ಮೊದಲುಮಾಡುವುದು, ಎ.ಐ.ಎಕ್ಸ್. ನಡೆಯುವ ಪವರ್ ಯಂತ್ರವು ಮೇಲಿನ ಸ್ಥಾನದಿಂದ. ಒಂದರ ಅಂಕಿಯನ್ನು ಇನ್ನೊಂದು ಹಾಗೆಯೇ ಓದಿದರೆ ಯಂತ್ರವು ತಪ್ಪೆಂದು ಕೂಗುವುದಿಲ್ಲ. ಸಮಾಧಾನದಿಂದ ಸುಳ್ಳುತ್ತರವನ್ನು ಕೊಡುತ್ತ ಹೋಗುವುದು. ಕೆಟ್ಟು ನಿಂತ ಯಂತ್ರಕ್ಕಿಂತ ಇಂತಹ ಯಂತ್ರವೇ ಹೆಚ್ಚು ಅಪಾಯಕರ.

ದೂರವೂ ಸುಮ್ಮನಿರದು. ಬೆಂಗಳೂರಿಂದ ದೆಹಲಿಗೆ ಗಾಜಿನ ತಂತಿಯೊಳಗೆ ಬೆಳಕು ಹೋಗಿ ಮುಟ್ಟಲು ಸೆಕೆಂಡಿನ ನೂರರಲ್ಲೊಂದು ಭಾಗದಷ್ಟು ಕಾಲ ಹಿಡಿಯುವುದು. ಅಷ್ಟರೊಳಗೆ ಒಂದು ಸಾಧಾರಣ ಪ್ರೊಸೆಸರು ಎರಡೂವರೆ ಕೋಟಿ ಬಾರಿ ಮಿಡಿದಿರುವುದು. ಮಳೆಯ ಲೆಕ್ಕದಲ್ಲಿ ಪ್ರತಿ ಹೆಜ್ಜೆಗೂ ನೆರೆಮನೆಯ ಅಂಕಿಯು ಬೇಕಾಗುವುದರಿಂದ ಅದನ್ನು ಎರಡೂರುಗಳಿಗೆ ಸೀಳುವುದು ಅವಿವೇಕ. ಒಂದಕ್ಕೊಂದು ಸಂಬಂಧವಿಲ್ಲದ ಸಾವಿರ ಬಿಡಿಲೆಕ್ಕಗಳಿದ್ದರೆ ಅವನ್ನು ಹತ್ತೂರುಗಳಿಗೆ ಕಳುಹಿಸುವುದರಲ್ಲಿ ಯಾವ ಬಾಧಕವೂ ಇಲ್ಲ. ಈ ವಿವೇಚನೆಯಿಲ್ಲದೆ ಜಾಲವನ್ನು ಕೊಂಡಾಡುವುದು ವ್ಯರ್ಥ. ಯಂತ್ರಗಳು ಕೆಡುವುದನ್ನೂ ಎಣಿಸಬೇಕು. ಒಂದೊಂದು ಯಂತ್ರವು ಐದು ವರ್ಷಕ್ಕೊಮ್ಮೆ ಕೆಡುವುದೆಂದಿಟ್ಟುಕೊಂಡರೂ ಎರಡು ಸಾವಿರ ಯಂತ್ರಗಳ ಸಮೂಹದಲ್ಲಿ ದಿನಕ್ಕೊಂದು ಕೆಡುವುದು. ಆದುದರಿಂದ ನಡುನಡುವೆ ಲೆಕ್ಕವನ್ನು ಕಡತಕ್ಕೆ ಬರೆದಿಡತಕ್ಕುದು. ಕೆಟ್ಟಾಗ ಮೊದಲಿನಿಂದಲ್ಲ, ಬರೆದಿಟ್ಟ ಸ್ಥಳದಿಂದ ಮುಂದುವರಿಯತಕ್ಕುದು.

2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಗೊಂಡ 3.3 ಪೆಟಾಫ್ಲಾಪಿನ ‘ಪರಮ್ ಪ್ರವೇಗ’ದಲ್ಲಿಯಾದರೋ ಒಂದೇ ಸೂರಿನಡಿಯಲ್ಲಿಯೇ ಭಿನ್ನಜಾತಿಗಳಿರುವುವು. ಕೆಲವು ಇಂಟೆಲ್ ಪ್ರೊಸೆಸರಿನವು. ಕೆಲವಕ್ಕೆ ಎನ್‌ವಿಡಿಯಾ ಸಂಸ್ಥೆಯ ವಿ-100 ಎಂಬ ಜಿ.ಪಿ.ಯು. ಜೋಡಿಸಿರುವುದು. ಇವುಗಳ ಅಂತರವು ಪಂಡಿತನಿಗೂ ಪಾಠಶಾಲೆಯ ವಟುಸಮೂಹಕ್ಕೂ ಇರುವ ಅಂತರವೇ. ಪಂಡಿತನು ಒಬ್ಬನಾದರೂ ಎಂತಹ ತೊಡಕನ್ನೂ ಬಿಡಿಸಬಲ್ಲನು. ವಿ-100ರಲ್ಲಿ 5,120 ಪುಟ್ಟ ಗಣಕಗಳು ಗುಂಪುಗುಂಪಾಗಿ ಒಂದೇ ಸೂತ್ರವನ್ನು ಒಕ್ಕೊರಲಿನಿಂದ ಹೇಳುವುವು. ‘ಹೀಗಿದ್ದರೆ ಇದು, ಇಲ್ಲವಾದರೆ ಅದು’ ಎಂಬ ವಿಕಲ್ಪವು ಬಂದಾಗ ಗುಂಪಿನ ಒಂದು ಭಾಗವು ಹೇಳುತ್ತಿರಲು ಉಳಿದ ಭಾಗವು ಬಾಯ್ಮುಚ್ಚಿ ಕುಳಿತಿರಬೇಕು. ಆದುದರಿಂದ ವಿಕಲ್ಪ ತುಂಬಿದ ಕೆಲಸವು ಪಂಡಿತನಿಗೆ, ಏಕರೂಪದ ಕೆಲಸವು ವಟುಗಳಿಗೆ. ಇಬ್ಬರ ನಡುವೆ ಓಲೆಗಳನ್ನು ಹೊತ್ತಾಡುವ ಕಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಭಾಷೆಯ ತೊಡಕು ಬೇರೆ ಇರುವುದು. 2007ರಲ್ಲಿ ಎನ್‌ವಿಡಿಯಾ ಹೊರಡಿಸಿದ ‘ಕುಡಾ’ದಲ್ಲಿ ಬರೆದುದನ್ನು ಬೇರೆ ಸಂಸ್ಥೆಯ ಯಂತ್ರವು ಹಾಗೆಯೇ ಒಪ್ಪದು, ಎಲ್ಲಕ್ಕೂ ಸಲ್ಲಲೆಂದು ಮಾಡಿದ ‘ಓಪನ್ ಸಿ.ಎಲ್.’ ಎಂಬುದರಲ್ಲಿ ಬರೆದರೆ ಎಲ್ಲೆಡೆ ನಡೆಯುವುದು, ಎಲ್ಲೆಡೆಯೂ ಒಂದೇ ವೇಗದಿಂದ ನಡೆಯುವುದೆಂಬ ಭರವಸೆಯಿಲ್ಲ.

ಮಳೆಯ ಪ್ರೋಗ್ರಾಮುಗಳು ಹಲವು ದಶಕಗಳಿಂದ ಫೋರ್ಟ್ರಾನ್ ಭಾಷೆಯಲ್ಲಿ ಬೆಳೆದುಬಂದಿರುವ ದೊಡ್ಡ ಗ್ರಂಥಗಳು. ಯಂತ್ರವು ಕೆಲವೇ ವರ್ಷಗಳಲ್ಲಿ ಹಳತಾಗಿ ಹೊಸ ಜಾತಿಯದು ಬರುವುದು, ಗ್ರಂಥವನ್ನು ಅದಕ್ಕೆ ತಕ್ಕಂತೆ ತಿದ್ದಬೇಕಾಗುವುದು. ತಿದ್ದುವವನಿಗೆ ಗಾಳಿಯ ಗಣಿತವೂ ಯಂತ್ರದ ಒಳಗುಟ್ಟೂ ಎರಡೂ ತಿಳಿದಿರಬೇಕು, ಅಂತಹವರು ವಿರಳ. 2015ರಲ್ಲಿ ಭಾರತ ಸರಕಾರವು ಒಪ್ಪಿದ 4,500 ಕೋಟಿ ರೂಪಾಯಿಗಳ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಯೋಜನೆಯಲ್ಲಿ ಯಂತ್ರಗಳ ಜೊತೆಗೆ ಜನರ ಶಿಕ್ಷಣವನ್ನೂ ಸೇರಿಸಿದುದು ಇದರಿಂದಲೇ. ಯಂತ್ರವನ್ನು ಹಣಕೊಟ್ಟು ತರಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗೊಂದರಂತೆ ನಿಲ್ಲಿಸಿದ ಮಳೆಮಾಪಕಗಳಿಂದ ಅಂಕಿಗಳೂ ಬಂದು ಬೀಳುತ್ತಿರುವುವು. ನಾಳೆಯ ಮಳೆಯ ಲೆಕ್ಕವು ನಾಡಿದ್ದು ಮುಗಿದರೆ ಅದು ಅರಳಿದ ಮೇಲೆ ಬಸ್ಸನ್ನೇರಿದ ಮೊಗ್ಗಿನಂತೆ ಯಾರಿಗೂ ಬೇಡವಾಗುವುದು. ಅದನ್ನು ಇಂದೇ ಮುಗಿಯುವಂತೆ ಹಂಚಿಕೊಡುವ ಕೈಗಳು ಹೆಚ್ಚಬೇಕಾಗಿರುವುವು.

ಅದಕ್ಕೆ ಬೆಂಗಳೂರಿಗೇ ಹೋಗಬೇಕೆಂಬ ನಿಯಮವೇನೂ ಇಲ್ಲ. 1994ರಲ್ಲಿ ಅಮೆರಿಕದ ನಾಸಾ ಸಂಸ್ಥೆಯಲ್ಲಿ ಥಾಮಸ್ ಸ್ಟರ್ಲಿಂಗ್, ಡೊನಾಲ್ಡ್ ಬೆಕರ್ ಎಂಬಿಬ್ಬರು ಪೇಟೆಯ 16 ಸಾಮಾನ್ಯ ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿ ‘ಬಿಯೊವುಲ್ಫ್’ ಎಂಬ ಸಮೂಹವನ್ನು ಮಾಡಿದರು. ಅದೇ ವರ್ಷ ಹೊರಬಿದ್ದ, ಯಂತ್ರಯಂತ್ರಗಳ ಮಾತಿನ ನಿಯಮಾವಳಿಯಾದ ‘ಎಂ.ಪಿ.ಐ.’ಯನ್ನು ನಡೆಯಿಸುವ ತಂತ್ರಾಂಶವು ಇಂದು ಯಾರಿಗಾದರೂ ಬಿಟ್ಟಿಯಾಗಿ ದೊರೆಯುವುದು. ಕಾಲೇಜಿನ ಮೂಲೆಯಲ್ಲಿರುವ ಒಂದು ಹಳೆಯ ಕಂಪ್ಯೂಟರು, ಒಂದು ಹೊಸದು, ಒಂದು ತಂತಿ, ಇಷ್ಟಿದ್ದರೆ ಪಾಠವು ಆರಂಭವಾಗುವುದು. ತಾಲ್ಲೂಕಿನ ಮಳೆಮಾಪಕಗಳ ಅಂಕಿಗಳನ್ನು ಎರಡಕ್ಕೂ ಸಮವಾಗಿ ಹಂಚಿ ಲೆಕ್ಕ ಹಾಕಿಸಿ ಗಡಿಯಾರವನ್ನು ನೋಡುವುದು. ಬಳಿಕ ಹಳೆಯದಕ್ಕೆ ಕಾಲುಭಾಗ, ಹೊಸದಕ್ಕೆ ಮುಕ್ಕಾಲು ಕೊಟ್ಟು ಮತ್ತೊಮ್ಮೆ ನೋಡುವುದು.