ಆಗಮದಲ್ಲಿ ವಿಶ್ವಾಸ, ನೂತನ ದರ್ಶನಗಳಲ್ಲಿ ಸಂಶಯ – ಒಂದು ಪರಾಮರ್ಶೆ

(ಮಧ್ವನವಮಿಯ ಪ್ರಯುಕ್ತ ಶಾಖಾಮಠದಲ್ಲಿ ನೀಡಿದ ಉಪನ್ಯಾಸದ ಲಿಖಿತರೂಪ)

 

ಉದ್ಯೋಗನಿಮಿತ್ತವಾಗಿ ಕನ್ನಡನಾಡನ್ನು ಬಿಟ್ಟು ಗುರ್ಜರದೇಶದಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಮಕ್ಕಳು ಒಂದು ಪ್ರಶ್ನೆಯನ್ನು ಕೇಳುವುದುಂಟು. “ನಿನ್ನೆ ದೇವರು ನನ್ನೊಡನೆ ಮಾತನಾಡಿದನೆಂದು ಒಬ್ಬರು ಹೇಳಿದರೆ ನೀವು ನಗುತ್ತೀರಿ. ಸಾವಿರಾರು ವರ್ಷಗಳ ಹಿಂದೆ ಋಷಿಗಳಿಗೆ ಮಂತ್ರಗಳು ಗೋಚರಿಸಿದವೆಂದರೆ ಕೈಮುಗಿಯುತ್ತೀರಿ. ಇದು ಯಾವ ನ್ಯಾಯ?” ಈ ಪ್ರಶ್ನೆಯನ್ನು ಗದರಿಸಿ ಸುಮ್ಮನಾಗಿಸುವುದು ಸುಲಭ, ಆದರೆ ಅದು ಉತ್ತರವಾಗಲಾರದು. ಪ್ರಮಾಣವಿಚಾರವನ್ನೇ ಸಿದ್ಧಾಂತದ ಅಡಿಪಾಯವಾಗಿ ಇರಿಸಿದ ಶ್ರೀಮದಾಚಾರ್ಯರ ಅನುಯಾಯಿಗಳಿಗೆ ಅದು ಶೋಭಿಸುವುದೂ ಇಲ್ಲ.

ಮೊದಲು ಲೋಕರೂಢಿಯ ಉತ್ತರವನ್ನು ಪರಿಶೀಲಿಸೋಣ. “ಹಳೆಯದಾದ್ದರಿಂದ ಅದು ಪ್ರಮಾಣ” ಎಂಬುದೇ ಆ ಉತ್ತರ. ಇದು ನಿಲ್ಲುವುದಿಲ್ಲ. ಚಾರ್ವಾಕರ ಮತವೂ ಪ್ರಾಚೀನವೇ. ಅಷ್ಟರಿಂದ ಅದನ್ನು ಯಾರೂ ಒಪ್ಪಲಿಲ್ಲ. ಪ್ರಾಚೀನವಾದದ್ದನ್ನು ಜನ ಸಂಶಯಿಸುವುದೇ ಇಲ್ಲವೆಂಬ ಮಾತೂ ಸರಿಯಲ್ಲ. ನಮ್ಮ ಸೂರತ್ ನಗರವೇ ಇದಕ್ಕೆ ಸಾಕ್ಷಿ. ಫ್ರಾನ್ಸ್ ದೇಶದ ಆಂಕೆತಿಲ್ ದ್ಯುಪೆರೋನ್ ಎಂಬಾತ 1758ರಿಂದ 1761ರವರೆಗೆ ಸೂರತ್ತಿನಲ್ಲಿದ್ದು, ಪಾರಸಿ ದಸ್ತೂರರಿಂದ ಅವೆಸ್ತಾ ಗ್ರಂಥಗಳ ಪಾಠ ಹೇಳಿಸಿಕೊಂಡನು. 1771ರಲ್ಲಿ ಅದರ ಅನುವಾದವನ್ನು ಪ್ರಕಟಿಸಿದಾಗ, ವಿಲಿಯಂ ಜೋನ್ಸ್‌ನಂತಹ ವಿದ್ವಾಂಸನೇ ಅದನ್ನು ಪ್ರಾಚೀನಗ್ರಂಥವಲ್ಲವೆಂದು ಹೀಗಳೆದನು. ಮುಂದೆ 19ನೆಯ ಶತಮಾನದಲ್ಲಿ ರಾಸ್ಕ್, ಬುರ್ನೂಫ್ ಮುಂತಾದ ಭಾಷಾವಿದರು ಆ ಭಾಷೆಯನ್ನು ಸಂಸ್ಕೃತದೊಡನೆ ತೂಗಿ ನೋಡಿದ ಬಳಿಕವೇ ಸಂಶಯ ಪರಿಹಾರವಾಯಿತು. ಪಾರಸಿಗಳ ವಿಶ್ವಾಸ ಗುರುಪರಂಪರೆಯಿಂದ ಬಂದುದು; ವಿದ್ವಾಂಸರ ವಿಶ್ವಾಸ ಪರೀಕ್ಷೆಯಿಂದ ಬಂದುದು. ವಯಸ್ಸು ಮಾತ್ರ ಯಾರನ್ನೂ ಒಪ್ಪಿಸಲಿಲ್ಲ.

“ಹಳೆಯದು ಶುದ್ಧ, ಹೊಸದು ಪಾಷಂಡ” ಎಂಬ ವಾದ ಈ ಪ್ರಾಂತದಲ್ಲಿ ನ್ಯಾಯಾಲಯದವರೆಗೂ ಹೋದದ್ದುಂಟು. ಕರಸನದಾಸ ಮೂಲಜಿಯವರು 1860ರಲ್ಲಿ ತಮ್ಮ ‘ಸತ್ಯಪ್ರಕಾಶ’ ಪತ್ರಿಕೆಯಲ್ಲಿ ಹಿಂದೂಗಳ ಮೂಲಧರ್ಮವನ್ನು ಈಚಿನ ಮತಗಳೊಡನೆ ಹೋಲಿಸಿ ಬರೆದ ಲೇಖನದ ಮೇಲೆ ಸೂರತ್ತಿನ ಜದುನಾಥಜಿ ಮಹಾರಾಜರು ಮಾನಹಾನಿ ಮೊಕದ್ದಮೆ ಹೂಡಿದರು. 1862ರ ಏಪ್ರಿಲ್‌ನಲ್ಲಿ ಮುಂಬಯಿಯ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಪುಷ್ಟಿಮಾರ್ಗದ ಭಕ್ತರು ನಮ್ಮ ನೆರೆಹೊರೆಯವರು. ಅವರ ಕೃಷ್ಣಭಕ್ತಿಗೆ ನಾವು ತಲೆಬಾಗುತ್ತೇವೆ. ಆ ಸಂಪ್ರದಾಯವನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ನಾವು ಗಮನಿಸಬೇಕಾದ ಅಂಶ ಒಂದೇ. ಆ ಮೊಕದ್ದಮೆ ನಿರ್ಣಯವಾದದ್ದು ವ್ಯಕ್ತಿಗಳ ಆಚರಣೆಯ ಕುರಿತ ಸಾಕ್ಷ್ಯದ ಮೇಲೆಯೇ ಹೊರತು ಒಂದು ಮತ ಎಷ್ಟು ಹಳೆಯದೆಂಬುದರ ಮೇಲಲ್ಲ. ಸೂರತ್ತಿನ ವಜ್ರಪರೀಕ್ಷಕರನ್ನು ಕೇಳಿ ನೋಡಿ: ಅಜ್ಜಿಯ ಪೆಟ್ಟಿಗೆಯಿಂದ ಬಂದ ಹರಳಿಗೂ ನಿನ್ನೆ ಗಣಿಯಿಂದ ಬಂದ ಹರಳಿಗೂ ಭೂತಗನ್ನಡಿ ಒಂದೇ.

ಹಾಗಾದರೆ ಜನರು ಹಳೆಯದನ್ನು ಹೆಚ್ಚಾಗಿ ನಂಬಲು ಕಾರಣವೇನು? ಎರಡು ಕಾರಣಗಳು ತೋರುತ್ತವೆ. ಮೊದಲನೆಯದು, ಅನೇಕ ತಲೆಮಾರುಗಳು ಆ ಮಾತಿನಂತೆ ನಡೆದು ಶ್ರೇಯಸ್ಸನ್ನು ಪಡೆದಿವೆ ಎಂಬ ಭರವಸೆ. ಎರಡನೆಯದು, ಆ ಮಾತಿನಿಂದ ಇಂದು ಲಾಭ ಪಡೆಯುವ ವಕ್ತೃ ನಮ್ಮೆದುರಿಗಿಲ್ಲ ಎಂಬ ನೆಮ್ಮದಿ. ಕಾಲೂಪುರ ಸ್ಟೇಷನ್ನಿಗೆ ದಾರಿ ಯಾವುದೆಂದು ಕೇಳಿದಾಗ ದಾರಿಹೋಕನ ಮಾತನ್ನು ನಂಬುತ್ತೇವೆ. “ನೀವು ಹೋಗಬೇಕೆಂದಿರುವ ವಸತಿಗೃಹ ಮುಚ್ಚಿದೆ, ನಾನು ಬೇರೊಂದನ್ನು ತೋರಿಸುತ್ತೇನೆ” ಎಂದು ದಲ್ಲಾಳಿ ಹೇಳಿದರೆ ಸಂಶಯಪಡುತ್ತೇವೆ. ಇಬ್ಬರೂ ಅಪರಿಚಿತರೇ, ಇಬ್ಬರ ಮಾತೂ ಹೊಸದೇ. ಒಬ್ಬನಲ್ಲಿ ಸ್ವಾರ್ಥದ ಸುಳಿವಿದೆ, ಇನ್ನೊಬ್ಬನಲ್ಲಿಲ್ಲ, ಭೇದವಿರುವುದು ಅಲ್ಲಿ.

ಈ ಲೌಕಿಕ ವಿವೇಕಕ್ಕೆ ಶಾಸ್ತ್ರೀಯವಾದ ರೂಪವನ್ನು ಕೊಟ್ಟವರು ಶ್ರೀಮದಾಚಾರ್ಯರು. ಜ್ಞಾನವು ಸ್ವತಃ ಪ್ರಮಾಣ, ಅಪ್ರಾಮಾಣ್ಯವು ದೋಷದಿಂದ ಬರತಕ್ಕದ್ದು ಎಂಬುದು ನಮ್ಮ ಸಿದ್ಧಾಂತ. ಆದ್ದರಿಂದ ಹೊಸ ಮಾತೆಂಬ ಕಾರಣಕ್ಕೇ ಅದನ್ನು ಸುಳ್ಳೆಂದು ತಳ್ಳಲು ನಮಗೆ ಅಧಿಕಾರವಿಲ್ಲ. ದೋಷದ ಸಂಭವ ಎಲ್ಲಿದೆಯೋ ಅಲ್ಲಿ ಮಾತ್ರ ಪರೀಕ್ಷೆ ಬೇಕು. ವಾಕ್ಯಕ್ಕೆ ದೋಷ ಎಲ್ಲಿಂದ ಬರುತ್ತದೆ? ಹೇಳುವವನ ಅಜ್ಞಾನದಿಂದ, ವಂಚಿಸುವ ಇಚ್ಛೆಯಿಂದ, ಇಂದ್ರಿಯಗಳ ಅಪಾಟವದಿಂದ. ಇವೆಲ್ಲವೂ ಪುರುಷದೋಷಗಳು. ವೇದಕ್ಕೆ ಕರ್ತೃವೇ ಇಲ್ಲವಾದ್ದರಿಂದ ಕರ್ತೃದೋಷಗಳಿಗೆ ಅಲ್ಲಿ ಪ್ರವೇಶವಿಲ್ಲ. ವೇದವನ್ನು ನಾವು ಪ್ರಮಾಣವೆನ್ನುವುದು ಅದು ಅಪೌರುಷೇಯವಾದ್ದರಿಂದ, ಹಳೆಯದಾದ್ದರಿಂದಲ್ಲ. ಇಡೀ ವಿಚಾರದ ತಿರುಳು ಇಷ್ಟೇ.

“ಕರ್ತೃ ಇದ್ದು ಮರೆತುಹೋಗಿರಬಾರದೇಕೆ?” ಎಂದು ಮಕ್ಕಳು ಕೇಳಬಹುದು, ಕೇಳಬೇಕು. ಪ್ರತಿ ಸೂಕ್ತಕ್ಕೂ ಋಷಿ, ಛಂದಸ್ಸು, ದೇವತೆ ಯಾರೆಂಬುದನ್ನು ನೆನಪಿಟ್ಟುಕೊಂಡು, ಪದ, ಕ್ರಮ, ಜಟಾ, ಘನಪಾಠಗಳಿಂದ ಅಕ್ಷರವೂ ಸ್ವರವೂ ಕೆಡದಂತೆ ಕಾಪಾಡಿದ ಪರಂಪರೆಯು ಆ ಋಷಿಗಳನ್ನು ದ್ರಷ್ಟಾರರೆಂದೇ ಹೇಳಿತು, ಕರ್ತೃಗಳೆಂದು ಹೇಳಲಿಲ್ಲ. ಇನ್ನೂ ಒಂದು ಲಾಘವದ ಯುಕ್ತಿಯನ್ನು ಶ್ರೀಮದಾಚಾರ್ಯರು ವಿಷ್ಣುತತ್ತ್ವವಿನಿರ್ಣಯದಲ್ಲಿ ತೋರಿದ್ದಾರೆ. ಒಬ್ಬ ಪುರುಷನ ವಾಕ್ಯವನ್ನು ಧರ್ಮದಲ್ಲಿ ಪ್ರಮಾಣವೆನ್ನಬೇಕಾದರೆ ಅವನು ಸರ್ವಜ್ಞನೆಂದೂ, ವಂಚಕನಲ್ಲವೆಂದೂ, ಆ ವಾಕ್ಯ ಅವನದೇ ಎಂದೂ ಒಂದರಮೇಲೊಂದು ಕಲ್ಪನೆ ಮಾಡಬೇಕಾಗುತ್ತದೆ. ಅಪೌರುಷೇಯವಾಕ್ಯದಲ್ಲಿ ಈ ಕಲ್ಪನೆಗಳ ಭಾರವಿಲ್ಲ. ನೂತನ ದರ್ಶನವನ್ನು ಸಾರುವವನು ನಮ್ಮಿಂದ ಬೇಡುವುದು ಇದೇ ಭಾರವನ್ನು.

ಕರ್ತೃದೋಷ ಇಲ್ಲದಿದ್ದರೂ ಗ್ರಂಥಗಳು ಕೈಯಿಂದ ಕೈಗೆ ಬರುವಾಗ ದೋಷ ಸೇರಬಹುದಲ್ಲವೇ? ಇತಿಹಾಸ ಪುರಾಣಗಳ ವಿಷಯದಲ್ಲಿ ಸೇರಿದೆ ಎಂದು ಶ್ರೀಮದಾಚಾರ್ಯರೇ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮಹಾಭಾರತತಾತ್ಪರ್ಯನಿರ್ಣಯದ ಎರಡನೆಯ ಅಧ್ಯಾಯದ ಆರಂಭದಲ್ಲಿ, ಕೆಲವರು ಗ್ರಂಥಗಳಲ್ಲಿ ಹೊಸದನ್ನು ತುರುಕಿದ್ದಾರೆ, ಇದ್ದುದನ್ನು ಬಿಟ್ಟಿದ್ದಾರೆ, ಸ್ಥಾನಪಲ್ಲಟ ಮಾಡಿದ್ದಾರೆ ಎಂದೂ, ದೇಶದೇಶಗಳಲ್ಲಿ ಗ್ರಂಥಗಳನ್ನು ನೋಡಿ ನಿರ್ಣಯ ಮಾಡಿದ್ದಾಗಿಯೂ ತಿಳಿಸುತ್ತಾರೆ. ಇದು 13ನೆಯ ಶತಮಾನದ ಮಾತು. ಇದರೊಡನೆ ವಡೋದರೆಯ ಪ್ರಾಚ್ಯವಿದ್ಯಾಮಂದಿರವನ್ನು ನೆನೆಯಬೇಕು. ಮಹಾರಾಜ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಬೆಳೆದ ಆ ಸಂಸ್ಥೆಯು ನಾನಾ ಲಿಪಿಗಳ ಹಸ್ತಪ್ರತಿಗಳನ್ನು ಹೋಲಿಸಿ, ವಾಲ್ಮೀಕಿರಾಮಾಯಣದ ಪರಿಷ್ಕೃತ ಆವೃತ್ತಿಯನ್ನು 1960ರಿಂದ 1975ರೊಳಗೆ ಏಳು ಸಂಪುಟಗಳಲ್ಲಿ ಹೊರತಂದಿತು. ಅಹಮದಾಬಾದಿನಲ್ಲಿ ಮುನಿ ಪುಣ್ಯವಿಜಯಜಿಯವರ ಪ್ರೇರಣೆಯಿಂದ ಸ್ಥಾಪಿತವಾದ ಲಾಲಭಾಯಿ ದಲಪತಭಾಯಿ ಭಾರತೀಯ ವಿದ್ಯಾಮಂದಿರವು ಹಸ್ತಪ್ರತಿಗಳ ಭಂಡಾರವನ್ನೇ ಕಾಪಾಡುತ್ತಿದೆ. ಇದೇ ಗುಜರಾತಿನ ವಲಭಿಯಲ್ಲಿ 5ನೆಯ ಶತಮಾನದಲ್ಲಿ ದೇವರ್ಧಿಗಣಿಗಳ ನೇತೃತ್ವದಲ್ಲಿ ಜೈನರು ತಮ್ಮ ಆಗಮಗಳನ್ನು ಲಿಪಿಬದ್ಧಗೊಳಿಸಿದರು. ಆಗಮದಲ್ಲಿ ವಿಶ್ವಾಸವೆಂದರೆ ಕಣ್ಣುಮುಚ್ಚಿಕೊಳ್ಳುವುದಲ್ಲ. ಅದನ್ನು ಕಾಯುವ ಶ್ರಮವೂ ವಿಶ್ವಾಸದ ಅಂಗವೇ.

ಈಗ ಕಠಿನವಾದ ಭಾಗಕ್ಕೆ ಬರೋಣ. ನಮ್ಮ ಪರಂಪರೆಯಲ್ಲಿಯೂ ಒಂದು ಕಾಲಕ್ಕೆ ನೂತನವಾಗಿದ್ದ ದರ್ಶನಗಳಿಲ್ಲವೇ? ಖಂಡಿತ ಇವೆ. ಶ್ರೀಮದಾಚಾರ್ಯರು ತಾವು ವಾಯುದೇವರ ತೃತೀಯಾವತಾರವೆಂದು ಗ್ರಂಥಗಳ ಕೊನೆಯಲ್ಲಿ ಸೂಚಿಸಿದ್ದಾರೆ. ಸಮಕಾಲೀನರಿಗೆ ಅದು ಹೊಸ ಮಾತೇ ಆಗಿತ್ತು. ಅವರು ಹೇಗೆ ಸ್ವೀಕರಿಸಿದರು? ಇಂದಿನ ಕಾಸರಗೋಡು ಸೀಮೆಯಲ್ಲಿ ತ್ರಿವಿಕ್ರಮಪಂಡಿತಾಚಾರ್ಯರು ಹದಿನೈದು ದಿನ ವಾದ ಮಾಡಿದರೆಂದು ಸುಮಧ್ವವಿಜಯ ತಿಳಿಸುತ್ತದೆ. ವಾದದಲ್ಲಿ ಸಮಾಧಾನವಾದ ಮೇಲೆ ಶಿಷ್ಯರಾಗಿ, ಮುಂದೆ ತತ್ತ್ವಪ್ರದೀಪವನ್ನು ರಚಿಸಿದರು. “ನಾನು ಅವತಾರ, ನಂಬು” ಎಂದು ಆಚಾರ್ಯರು ಅವರ ಬಾಯಿ ಮುಚ್ಚಿಸಲಿಲ್ಲ. ಶ್ರೀಮಟ್ಟೀಕಾಚಾರ್ಯರ ನ್ಯಾಯಸುಧೆಯನ್ನು ನೋಡಿ: ಪುಟಪುಟದಲ್ಲಿಯೂ ಯುಕ್ತಿ, ಪೂರ್ವಪಕ್ಷ, ಪರಿಹಾರ.

ಆಚಾರ್ಯರು ಉದಾಹರಿಸಿದ ಕೆಲವು ಶ್ರುತಿಸ್ಮೃತಿವಾಕ್ಯಗಳು ಅನ್ಯತ್ರ ದೊರೆಯುವುದಿಲ್ಲವೆಂಬ ಆಕ್ಷೇಪವೂ ಹಳೆಯದೇ. 16ನೆಯ ಶತಮಾನದಲ್ಲಿ ಅಪ್ಪಯ್ಯ ದೀಕ್ಷಿತರು ಅದನ್ನು ಎತ್ತಿದರು. ಶ್ರೀವಿಜಯೀಂದ್ರತೀರ್ಥರು ಉತ್ತರ ಬರೆದರು. 1997ರಲ್ಲಿ ವಿಯೆನ್ನಾದಿಂದ ಪ್ರಕಟವಾದ ಗ್ರಂಥದಲ್ಲಿ ರೋಕ್ ಮೆಸ್ಕ್ವಿತಾ ಎಂಬ ವಿದ್ವಾಂಸರು ಅದನ್ನೇ ವಿಸ್ತರಿಸಿದರು; ನಮ್ಮ ಪಂಡಿತರೂ ಸುಮ್ಮನಿರಲಿಲ್ಲ. ಎಷ್ಟೋ ವೇದಶಾಖೆಗಳು ಲುಪ್ತವಾಗಿರುವುದು ಸರ್ವವಿದಿತವಾದ್ದರಿಂದ ‘ಇಂದು ಸಿಕ್ಕದು’ ಎಂಬುದರಿಂದ ‘ಎಂದೂ ಇರಲಿಲ್ಲ’ ಎಂದು ಸಾಧಿಸಲಾಗದು ಎಂಬುದು ನಮ್ಮವರ ಸಮಾಧಾನ. ನಮ್ಮ ಮಕ್ಕಳು ಈ ಆಕ್ಷೇಪವನ್ನು ಹೊರಗಿನವರಿಂದ ಕೇಳಿ ಬೆದರುವುದಕ್ಕಿಂತ ನಮ್ಮಿಂದಲೇ, ಉತ್ತರಸಮೇತ, ಕೇಳುವುದು ಮೇಲು.

ದಾಸಪಂಥದಲ್ಲಿಯೂ ಹೀಗೆಯೇ. ಶ್ರೀವಿಜಯದಾಸರಿಗೆ ಕಾಶಿಯಲ್ಲಿ ಸ್ವಪ್ನದಲ್ಲಿ ಪುರಂದರದಾಸರಿಂದ ಅಂಕಿತವಾಯಿತೆಂಬುದು ನಮ್ಮ ಶ್ರದ್ಧೆ. ಆದರೂ ಅವರ ಸುಳಾದಿಗಳು ಮಾನ್ಯವಾದದ್ದು ಸ್ವಪ್ನದ ಬಲದಿಂದಲ್ಲ. ಮಧ್ವಶಾಸ್ತ್ರದ ಒರೆಗಲ್ಲಿನಲ್ಲಿ ಅವು ಚೊಕ್ಕ ಬಂಗಾರವೆಂದು ಕಂಡುದರಿಂದ. ಶ್ರೀಜಗನ್ನಾಥದಾಸರ ಹರಿಕಥಾಮೃತಸಾರ ಕನ್ನಡದ ಕೃತಿಯಾದರೂ ಪಂಡಿತರು ಅದಕ್ಕೆ ವ್ಯಾಖ್ಯಾನ ಬರೆದರು. ಇನ್ನೊಂದೆಡೆ, ಶ್ರೀವಾದಿರಾಜರು ವೃಂದಾವನ ಪ್ರವೇಶಿಸಿದ ಅನಂತರ ಸ್ವಪ್ನಮುಖೇನ ನುಡಿದುದೆಂದು ಸೋದೆಯ ಪರಂಪರೆಯವರು ಪೂಜಿಸುವ ಸ್ವಪ್ನವೃಂದಾವನಾಖ್ಯಾನವನ್ನು ಇತರ ಕೆಲವು ಮಾಧ್ವ ವಿದ್ವಾಂಸರು ಪ್ರಮಾಣವಾಗಿ ಒಪ್ಪುವುದಿಲ್ಲ. ಒಂದೇ ಆಚಾರ್ಯರ ಶಿಷ್ಯರು, ಶ್ರೀವಾದಿರಾಜರನ್ನು ಸಮಾನವಾಗಿ ಆರಾಧಿಸುವವರು, ಒಂದು ಗ್ರಂಥದ ವಿಷಯದಲ್ಲಿ ಭಿನ್ನಾಭಿಪ್ರಾಯ ಹೊಂದಿದ್ದಾರೆ. ಇಲ್ಲಿ ನಿರ್ಣಯ ಹೇಳುವ ಅಧಿಕಾರ ನನಗಿಲ್ಲ. ಸ್ವಜನರ ನಡುವೆಯೂ ಪರೀಕ್ಷೆ ನಿಂತಿಲ್ಲವೆಂಬುದಷ್ಟೇ ನನ್ನ ತಾತ್ಪರ್ಯ.

ಪರೀಕ್ಷೆಯ ಮಾನದಂಡ ಯಾವುದು? ಅನುವ್ಯಾಖ್ಯಾನದ ಆರಂಭದಲ್ಲಿ ಬ್ರಹ್ಮಸೂತ್ರಗಳ ಆಪ್ತತ್ವವನ್ನು ನಿರೂಪಿಸುವಾಗ ಶ್ರೀಮದಾಚಾರ್ಯರು ಮೂರನ್ನು ಸೂಚಿಸುತ್ತಾರೆ: ವಕ್ತೃವಿನ ಆನುಕೂಲ್ಯ, ಶ್ರೋತೃವಿನ ಆನುಕೂಲ್ಯ, ಪ್ರಸಂಗದ ಆನುಕೂಲ್ಯ. ಸಾಕ್ಷಾತ್ ವೇದವ್ಯಾಸರ ಕೃತಿಯನ್ನೇ ಈ ಮೂರರಿಂದ ಸಮರ್ಥಿಸಿರುವಾಗ, ಇಂದಿನ ಮಾನವನ ಮಾತಿಗೆ ವಿನಾಯಿತಿ ಎಲ್ಲಿಯದು? ಹೇಳುವವನು ವಿಷಯವನ್ನು ಬಲ್ಲವನೇ, ಅವನಿಗೆ ಲಾಭದ ಆಸೆಯಿಲ್ಲವೇ? ಕೇಳುವವರು ಪ್ರಶ್ನಿಸಬಲ್ಲ ವಿವೇಕಿಗಳೋ, ಸಂಕಟದಲ್ಲಿ ಬೆದರಿದವರು ಮಾತ್ರವೋ? ಮಾತು ಹೊರಟ ಸಂದರ್ಭ ತತ್ತ್ವಜಿಜ್ಞಾಸೆಯೋ, ಕಾಣಿಕೆಯ ಬೇಡಿಕೆಯೋ? ಇದಲ್ಲದೆ ಸದಾಗಮಗಳಿಗೆ ಅನುಸಾರವಾಗಿರುವುದೆಲ್ಲವೂ ಗ್ರಾಹ್ಯವೆಂದು ಆಚಾರ್ಯರು ಬಾಗಿಲನ್ನು ತೆರೆದೇ ಇಟ್ಟಿದ್ದಾರೆ. ಅಲ್ಲಿ ಕೇಳಿರುವುದು ಅನುಸರಣೆಯನ್ನು, ತಾರೀಖನ್ನಲ್ಲ.

ಬಾಂಧವರೇ, ಇದು ಕೇವಲ ಪಂಡಿತರ ಚರ್ಚೆಯಲ್ಲ. ಊರಿನಿಂದ ದೂರವಿದ್ದು, ಹಿರಿಯರ ಆಸರೆಯಿಲ್ಲದ ಮನೆಯಲ್ಲಿ ಮಗು ಕಾಯಿಲೆ ಬಿದ್ದಾಗ, ಮಗಳ ವಿವಾಹ ತಡವಾದಾಗ, ವ್ಯಾಪಾರ ಮುರಿದಾಗ, “ಗುರುಗಳು ನನ್ನ ಸ್ವಪ್ನದಲ್ಲಿ ಬಂದು ನಿಮ್ಮ ವಿಷಯ ಹೇಳಿದರು” ಎನ್ನುವವರು ಬಾಗಿಲಿಗೆ ಬರುತ್ತಾರೆ. ವೈದ್ಯರ ಔಷಧ ನಿಲ್ಲಿಸಿ ಎನ್ನುತ್ತಾರೆ. ಇಂತಿಷ್ಟು ಹಣ ಕೊಡಿ ಎನ್ನುತ್ತಾರೆ. ಸೊಸೆಯ ಜಾತಕವೇ ಅನಿಷ್ಟವೆಂದು ಸಂಸಾರ ಒಡೆಯುತ್ತಾರೆ. ಗುರುಗಳ ಮೇಲಿನ ಭಕ್ತಿಯೇ ಅಂಥವರ ಬಂಡವಾಳ. ಅಲ್ಲಿ “ಇಲ್ಲ” ಎನ್ನುವುದು ಗುರುದ್ರೋಹವೆಂದು ಅನೇಕ ತಾಯಂದಿರು ನಡುಗುತ್ತಾರೆ. ಅವರಿಗೆ ನಾನು ಹೇಳಬಯಸುವುದು ಇಷ್ಟೇ: ಪರೀಕ್ಷಿಸುವುದು ದ್ರೋಹವಲ್ಲ, ಆಚಾರ್ಯರ ಆಜ್ಞೆಯ ಪಾಲನೆ.

ಹಾಗೆಂದು ಸ್ವಪ್ನದಲ್ಲಿ ಗುರುಗಳ ದರ್ಶನವಾದವರನ್ನು ಹಾಸ್ಯಮಾಡುವುದೂ ಸಲ್ಲದು. ನಮ್ಮ ಸಿದ್ಧಾಂತದಲ್ಲಿ ಸ್ವಪ್ನ ಮಿಥ್ಯೆಯಲ್ಲ. ಭಗವಂತನು ಜೀವನ ಮನೋವಾಸನೆಗಳಿಂದ ಸ್ವಪ್ನಪದಾರ್ಥಗಳನ್ನು ನಿರ್ಮಿಸಿ ತೋರುತ್ತಾನೆ; ಅವು ಶುಭಾಶುಭಸೂಚಕಗಳೂ ಆಗಬಹುದು. ಅವನ್ನು ಜಾಗ್ರತ್ತಿನ ವಸ್ತುಗಳೆಂದು ತಿಳಿಯುವುದಷ್ಟೇ ಭ್ರಾಂತಿ. ಇದರಲ್ಲಿಯೇ ನಮ್ಮ ಪ್ರಶ್ನೆಗೆ ಸಮಾಧಾನವಿದೆ. ನಿಮಗಾದ ದರ್ಶನ ನಿಮಗೆ ಅನುಗ್ರಹ. ಅದರಿಂದ ಜಪ, ಸೇವೆ, ಸದಾಚಾರ ಹೆಚ್ಚಲಿ. ಆದರೆ ಒಬ್ಬರ ಸ್ವಪ್ನ ಇನ್ನೊಬ್ಬರ ಮನೆಗೆ ವಿಧಿಯಾಗಲಾರದು. ವಿಧಿಸುವ ಅಧಿಕಾರ ಶಾಸ್ತ್ರಕ್ಕೆ ಮಾತ್ರ ಇದೆ. ಸಂಶಯ ಬಂದಾಗ ಶ್ರೀಮಠದ ವಿದ್ವಾಂಸರನ್ನು ಕೇಳಿ, ಇಬ್ಬರನ್ನು ಕೇಳಿ, ಅವಸರಪಡಬೇಡಿ. ದೇಹಕ್ಕೆ ಸಂಕಟವಾದಾಗ ವೈದ್ಯರಲ್ಲಿಗೂ ಹೋಗಿ, ದೇವರಿಗೂ ಪ್ರಾರ್ಥನೆ ಸಲ್ಲಿಸಿ.

ಮಕ್ಕಳು ಮುಂದಿನ ಬಾರಿ “ಹಳೆಯದನ್ನೇಕೆ ನಂಬುತ್ತೀರಿ?” ಎಂದಾಗ, ಹಳೆಯದೆಂದು ನಂಬುತ್ತಿಲ್ಲ, ನಿರ್ದೋಷವೆಂದು ನಂಬುತ್ತೇವೆ, ನೀನೂ ಪರೀಕ್ಷಿಸು, ಬಾ, ಜೊತೆಯಲ್ಲಿ ಓದೋಣ ಎಂದು ಹೇಳುವ ಧೈರ್ಯವನ್ನು ಹರಿವಾಯುಗುರುಗಳು ನಮಗೆಲ್ಲರಿಗೂ ಕರುಣಿಸಲಿ ಎಂದು ಪ್ರಾರ್ಥಿಸಿ, ಈ ನಾಲ್ಕು ಮಾತುಗಳನ್ನು ಅವರ ಚರಣಗಳಲ್ಲಿ ಸಮರ್ಪಿಸುತ್ತೇನೆ.

ಶ್ರೀಕೃಷ್ಣಾರ್ಪಣಮಸ್ತು.