ಪುಸ್ತಕಕ್ಕೂ ಬಾಗಿಲಿಗೂ ನಡುವಿನ ಹೊತ್ತು



ನನ್ನ ಸೋದರಮಾವ ಎರಡು ಎಕರೆ ತೋಟ ಕೊಂಡರು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಯಿತು, ಮನೆಗೆ ಬಂದು ಸಿಹಿ ಹಂಚಿದ್ದೂ ಆಯಿತು. ಮರುವಾರ ಬೆಳೆಸಾಲಕ್ಕೆಂದು ಸೊಸೈಟಿಗೆ ಹೋದರೆ ಅಲ್ಲಿನ ಕಾರ್ಯದರ್ಶಿ ಪಹಣಿ ನೋಡಿ, "ಇದರಲ್ಲಿ ಇನ್ನೂ ಹಳಬರ ಹೆಸರೇ ಇದೆಯಲ್ಲ, ಯಜಮಾನರೇ" ಎಂದರು. ಒಂದೇ ಸರ್ಕಾರದ ಎರಡು ಪುಸ್ತಕ. ಒಂದರ ಪ್ರಕಾರ ಮಾವ ತೋಟದ ಒಡೆಯರು, ಇನ್ನೊಂದರ ಪ್ರಕಾರ ಅಲ್ಲ. ಸಾಲ ಕೊಡುವವರು ನೋಡುವುದು ಎರಡನೆಯದನ್ನು. ಮಾವನಿಗೆ ಆ ಹೊತ್ತಿಗೆ ಸಿಟ್ಟು ಬಂತು. ನಾನು ಮಾತ್ರ ಒಳಗೊಳಗೇ ನಕ್ಕೆ. ಹದಿನೈದು ವರ್ಷ ನಾನು ಸಂಬಳ ತೆಗೆದುಕೊಂಡು ಮಾಡಿದ ಕೆಲಸವೇ ಅದು: ಒಂದು ಪುಸ್ತಕದಲ್ಲಿ ಬರೆದದ್ದು ಇನ್ನೊಂದು ಕಡೆ ಜಾರಿಯಾಗುವ ಹಾಗೆ ನೋಡಿಕೊಳ್ಳುವುದು.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ "ಸೇವಾ ನೋಂದಣಿ ಹಾಗೂ ಸಂಯೋಜನಾ ಉಪಕರಣಗಳ ಜೋಡಣೆ" ಎಂದು ಅಚ್ಚಾಗಿದೆ. ಅದನ್ನು ಓದಿ ನನ್ನ ಹೆಂಡತಿ, "ಇದಕ್ಕೆ ಯಾರ್ರೀ ಬರ್ತಾರೆ?" ಎಂದಳು. ಬಂದಿದ್ದೀರಿ, ಸಂತೋಷ. ಕೆಲಸದ ಜಾಗದಲ್ಲಿ ನಾವ್ಯಾರೂ ಇಷ್ಟು ಉದ್ದ ಹೇಳುತ್ತಿರಲಿಲ್ಲ. ಒಂದನ್ನು ರಿಜಿಸ್ಟ್ರಿ ಎನ್ನುತ್ತಿದ್ದೆವು, ಇನ್ನೊಂದನ್ನು ಬಾಕ್ಸ್ ಎನ್ನುತ್ತಿದ್ದೆವು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಸೇವೆ ಎಂದರೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಒಂದು ಬ್ಯಾಂಕಿನಲ್ಲಿ "ಈ ಖಾತೆಯಲ್ಲಿ ಎಷ್ಟು ಹಣವಿದೆ" ಎಂದು ಕೇಳುವವರು ಬಹಳ: ಎಟಿಎಂ, ಶಾಖೆಯ ಕಂಪ್ಯೂಟರು, ಮೊಬೈಲು, ಕಾಲ್ ಸೆಂಟರು. ಪ್ರತಿಯೊಬ್ಬರೂ ಡೇಟಾಬೇಸಿಗೆ ಸ್ವಂತ ಪೈಪು ಹಾಕಿಕೊಳ್ಳುವ ಬದಲು, ಉತ್ತರ ಹೇಳುವ ಒಂದೇ ಪ್ರೋಗ್ರಾಮನ್ನು ಇಟ್ಟು ಎಲ್ಲರೂ ಅದನ್ನೇ ಕರೆಯಲಿ ಎಂಬುದು ಯೋಚನೆ. ಕರೆಯುವ ಲಕೋಟೆಯ ರೂಪವಾಗಿ 2000ದಲ್ಲಿ ಸೋಪ್ 1.1 ಬಂತು. ಸೇವೆ ಏನನ್ನು ಕೇಳುತ್ತದೆ, ಏನನ್ನು ಕೊಡುತ್ತದೆ, ಎಲ್ಲಿದೆ ಎಂದು ವಿವರಿಸುವ ವಿಜ್‌ಡಲ್ ಕಡತದ ರೂಪದ 1.1 ಆವೃತ್ತಿ 2001ರಲ್ಲಿ ಬಂತು. ಹತ್ತು ಸೇವೆ ಇದ್ದಾಗ ಎಲ್ಲವೂ ಯಾರದಾದರೂ ತಲೆಯಲ್ಲಿರುತ್ತವೆ. ಇನ್ನೂರಾದಾಗ ಎಕ್ಸೆಲ್ ಹಾಳೆಗೆ ಬರುತ್ತವೆ. ಆ ಹಾಳೆ ಇಟ್ಟುಕೊಂಡಿದ್ದ ಹುಡುಗ ಕೆಲಸ ಬಿಟ್ಟ ದಿನ ರಿಜಿಸ್ಟ್ರಿ ಬೇಕು ಎಂಬ ಮಾತು ಶುರುವಾಗುತ್ತದೆ.

ರಿಜಿಸ್ಟ್ರಿಯ ಮೊದಲ ದೊಡ್ಡ ಪ್ರಯೋಗ ಯುಡಿಡಿಐ. ಐಬಿಎಂ, ಮೈಕ್ರೋಸಾಫ್ಟ್, ಅರಿಬಾ ಸೇರಿ 2000ದಲ್ಲಿ ಅದನ್ನು ಪ್ರಕಟಿಸಿದವು. ಜಗತ್ತಿನ ಸೇವೆಗಳಿಗೆಲ್ಲ ಒಂದು ಸಾರ್ವಜನಿಕ ಡೈರೆಕ್ಟರಿ, ಯಾರು ಬೇಕಾದರೂ ಹುಡುಕಿ ಯಾರನ್ನು ಬೇಕಾದರೂ ಕರೆಯಬಹುದು ಎಂಬ ಕನಸು ಅದು. 2006ರ ಆರಂಭದಲ್ಲಿ ಆ ಸಾರ್ವಜನಿಕ ಡೈರೆಕ್ಟರಿ ಮುಚ್ಚಿತು. ವ್ಯಾಪಾರದ ಜೊತೆಗಾರರನ್ನು ಡೈರೆಕ್ಟರಿಯಲ್ಲಿ ಹುಡುಕಿ ಯಾರೂ ಮಾಡಿಕೊಳ್ಳುವುದಿಲ್ಲ ಎಂಬ ಕಾರಣವನ್ನು ಬಹಳ ಜನ ಹೇಳಿದ್ದಾರೆ, ಅದು ಸರಿಯೇ. ನನಗೆ ಹೆಚ್ಚು ಮುಖ್ಯವೆನಿಸುವ ಕಾರಣ ಬೇರೆ. ಆ ಪುಸ್ತಕದಲ್ಲಿ ತಪ್ಪು ವಿಳಾಸ ಇದ್ದರೂ ಯಾರ ಕೆಲಸವೂ ನಿಲ್ಲುತ್ತಿರಲಿಲ್ಲ. ಕೆಲಸ ನಿಲ್ಲದ ಮೇಲೆ ಯಾರು ತಿದ್ದುತ್ತಾರೆ? ಪಂಚಾಂಗ ತಪ್ಪಿದರೆ ಗ್ರಹಣದ ದಿನ ಮುದ್ರಕನ ಮರ್ಯಾದೆ ಹೋಗುತ್ತದೆ, ಆದ್ದರಿಂದ ಅದು ಸರಿಯಾಗಿರುತ್ತದೆ. ನಮ್ಮ ರಿಜಿಸ್ಟ್ರಿಗಳಿಗೆ ಗ್ರಹಣವೇ ಇರಲಿಲ್ಲ.

ಆ ಗ್ರಹಣವನ್ನು ತಂದುಕೊಟ್ಟದ್ದು ಬಾಕ್ಸು.

1999ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿ ಡೇಟಾಪವರ್ ಎಂಬ ಕಂಪನಿ ಹುಟ್ಟಿತು. ಎಕ್ಸ್‌ಎಂಎಲ್ (ಸೋಪ್ ಲಕೋಟೆಯನ್ನು ಬರೆಯುವ ಭಾಷೆ) ಓದುವುದು ಸಾಮಾನ್ಯ ಸರ್ವರಿಗೆ ಬಹಳ ದಣಿವಿನ ಕೆಲಸ. ಒಂದರೊಳಗೊಂದು ಸಾವಿರಾರು ಪದರ ಸೇರಿಸಿ ಕಳಿಸಿದರೆ ಸರ್ವರು ಕುಸಿದೇ ಬೀಳಬಹುದು. ಆ ಕೆಲಸಕ್ಕೇ ಮೀಸಲಾದ ಒಂದು ಪೆಟ್ಟಿಗೆ ಮಾಡೋಣ ಎಂದು ಅವರು ಹೊರಟರು. ಹಸಿರು ಬಣ್ಣದ್ದು ವೇಗಕ್ಕೆ, ಹಳದಿ ಬಣ್ಣದ್ದು ಭದ್ರತೆಗೆ, ನೀಲಿ ಬಣ್ಣದ ಎಕ್ಸ್‌ಐ50 ಸಂಯೋಜನೆಗೆ. ಅಂದರೆ ಒಂದು ಭಾಷೆಯ ಸಂದೇಶವನ್ನು ಇನ್ನೊಂದಕ್ಕೆ ತಿರುಗಿಸಿ, ಬೇಕಾದ ಕಡೆಗೆ ದಾಟಿಸುವುದಕ್ಕೆ. 2005ರಲ್ಲಿ ಐಬಿಎಂ ಆ ಕಂಪನಿಯನ್ನು ಕೊಂಡಿತು. ಮರುವರ್ಷ ಅದೇ ಐಬಿಎಂ ತನ್ನ ರಿಜಿಸ್ಟ್ರಿಯನ್ನೂ ಮಾರುಕಟ್ಟೆಗೆ ತಂದಿತು. ಹೆಸರು ವೆಬ್‌ಸ್ಫಿಯರ್ ಸರ್ವಿಸ್ ರಿಜಿಸ್ಟ್ರಿ ಅಂಡ್ ರೆಪಾಸಿಟರಿ. ಇಷ್ಟುದ್ದದ ಹೆಸರಿಟ್ಟವರಿಗೆ ಮೀಟಿಂಗಿನಲ್ಲಿ ಅದನ್ನು ದಿನಕ್ಕೆ ನಲವತ್ತು ಸಲ ಹೇಳುವ ಶಿಕ್ಷೆ ಕೊಡಬೇಕಿತ್ತು.

ಬಾಕ್ಸನ್ನು ಮೊದಲ ಸಲ ಕಂಡವರಿಗೆ ಅದು ವಿಚಿತ್ರವೆನಿಸುತ್ತದೆ. ಒಳಗೆ ಲಾಗಿನ್ ಆಗಿ ಬೇಕಾದ ಪ್ರೋಗ್ರಾಮು ಓಡಿಸುವಂತಿಲ್ಲ. ಅದಕ್ಕೆ ಗೊತ್ತಿರುವುದು ಕಾನ್ಫಿಗರೇಷನ್ ಮಾತ್ರ. ಬಂದ ಪ್ರತಿಯೊಂದು ಕರೆಯೂ ಅದರ ಮುಂದೆ ನಿಲ್ಲಬೇಕು: ಯಾರು ನೀನು, ಸಹಿ ಸರಿಯಿದೆಯೇ, ಲಕೋಟೆ ವಿಜ್‌ಡಲ್ ಹೇಳಿದಂತಿದೆಯೇ, ನಿನ್ನ ಪಾಲಿನ ಕರೆಗಳು ಮುಗಿದಿಲ್ಲವಷ್ಟೆ? ಹೋಗು. ಊರ ಜಾತ್ರೆಯ ಗೇಟಿನಲ್ಲಿ ನಿಂತ ಹೋಂಗಾರ್ಡಿನ ಹಾಗೆ. ಆದರೆ ಹೋಂಗಾರ್ಡಿಗೆ ಯಾರನ್ನು ಬಿಡಬೇಕೆಂದು ಒಬ್ಬರು ಹೇಳಬೇಕಲ್ಲ? ಜೋಡಿಸುವುದಕ್ಕೆ ಮುಂಚೆ ಅದನ್ನು ಹೇಳುತ್ತಿದ್ದವರು ನಾವು, ಕೈಯಿಂದ. ರಿಜಿಸ್ಟ್ರಿಯಿಂದ ವಿಜ್‌ಡಲ್ ಇಳಿಸಿಕೊಂಡು, ಬಾಕ್ಸಿನ ಲೋಕಲ್ ಫೋಲ್ಡರಿಗೆ ಹಾಕಿ, ಸೇವೆಯ ಪರವಾಗಿ ಕರೆಗಳನ್ನು ಎದುರುಗೊಳ್ಳುವ ಪ್ರಾಕ್ಸಿ ಕಟ್ಟುವುದು. ನಕಲು ಮಾಡಿದ ಕ್ಷಣದಿಂದಲೇ ನಕಲು ಹಳೆಯದಾಗತೊಡಗುತ್ತದೆ.

ಜೋಡಣೆಯ ಕ್ರಮ ಕಷ್ಟದ್ದೇನಲ್ಲ. ಬಾಕ್ಸಿನಲ್ಲಿ ರಿಜಿಸ್ಟ್ರಿಯ ವಿಳಾಸವನ್ನೂ ಗುರುತುಪತ್ರವನ್ನೂ ಕೊಟ್ಟು ಒಂದು ಸರ್ವರ್ ಆಬ್ಜೆಕ್ಟ್ ಮಾಡಬೇಕು. ಅದರ ಮೇಲೆ ಒಂದು ಸಬ್‌ಸ್ಕ್ರಿಪ್ಷನ್, ಪತ್ರಿಕೆಗೆ ಚಂದಾದಾರರಾದ ಹಾಗೆ. ಯಾವ ಸೇವೆಯ ವಿವರ ಬೇಕು ಎಂದು ಅದರಲ್ಲಿ ಹೇಳಿದರೆ, ಬಾಕ್ಸು ತಾನೇ ಹೋಗಿ ವಿಜ್‌ಡಲ್ ತಂದು ಅದರಿಂದ ವೆಬ್ ಸರ್ವಿಸ್ ಪ್ರಾಕ್ಸಿ ಕಟ್ಟಿಕೊಳ್ಳುತ್ತದೆ. ಆಮೇಲೆ ನಿಗದಿ ಮಾಡಿದ ಅವಧಿಗೊಮ್ಮೆ ಹೋಗಿ ಏನಾದರೂ ಬದಲಾಗಿದೆಯೇ ಎಂದು ಕೇಳಿಕೊಂಡು ಬರುತ್ತದೆ. ಮುಂದಿನ ಆವೃತ್ತಿಗಳಲ್ಲಿ ವಿಜ್‌ಡಲ್ ಮಾತ್ರವಲ್ಲ, ಸೇವೆಗೆ ಅಂಟಿಸಿದ ಪಾಲಿಸಿಗಳೂ, ಯಾವ ಬಳಕೆದಾರನಿಗೆ ಎಷ್ಟು ಕರೆ ಎಂಬ ಒಪ್ಪಂದವೂ ಅದೇ ದಾರಿಯಲ್ಲಿ ಇಳಿದು ಬರತೊಡಗಿದವು. ರಿಜಿಸ್ಟ್ರಿಯಲ್ಲಿ ಒಪ್ಪಂದದ ಸ್ಥಿತಿ "ಸಕ್ರಿಯ" ಎಂದಾದರೆ ಬಾಗಿಲು ತೆರೆಯುತ್ತದೆ. ಹಾಗಾಗುವ ತನಕ ಕೇಳಿಕೊಂಡದ್ದು ಬರೀ ಅರ್ಜಿ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಕರಪತ್ರಗಳು ಹೇಳದ ಮಾತು ಇಲ್ಲಿದೆ. ಚಂದಾದಾರಿಕೆಗೆ ಅವಧಿ ಎಷ್ಟಿಡಬೇಕು? ದಿನಕ್ಕೊಮ್ಮೆ ಎಂದರೆ 86,400 ಸೆಕೆಂಡು. ಅಂದರೆ ಬೆಳಗ್ಗೆ ರಿಜಿಸ್ಟ್ರಿಯಲ್ಲಿ ಒಬ್ಬ ಬಳಕೆದಾರನ ಹೆಸರು ಹೊಡೆದುಹಾಕಿದರೂ ಅವನು ಸಂಜೆಯವರೆಗೆ, ಪ್ರಾಯಶಃ ಮರುಬೆಳಗಿನವರೆಗೆ, ಬಾಗಿಲಿನಲ್ಲಿ ನಮಸ್ಕಾರ ಹಾಕಿ ಒಳಗೆ ಹೋಗುತ್ತಲೇ ಇರುತ್ತಾನೆ. ಹಾಗಾದರೆ ಪ್ರತಿ ಕರೆಗೂ ರಿಜಿಸ್ಟ್ರಿಯನ್ನೇ ಕೇಳಲಿ ಎಂದರೆ, ರಿಜಿಸ್ಟ್ರಿ ಮಲಗಿದ ಹೊತ್ತಿಗೆ ಇಡೀ ಬ್ಯಾಂಕು ಮಲಗುತ್ತದೆ. ಪುಸ್ತಕ ಇಟ್ಟುಕೊಳ್ಳುವ ಯಂತ್ರವನ್ನು ಯಾರೂ ಆ ಭಾರಕ್ಕೆ ಕಟ್ಟಿರುವುದಿಲ್ಲ. ಅದರ ಕೆಳಗಿನ ಡೇಟಾಬೇಸಿಗೆ ಭಾನುವಾರ ರಾತ್ರಿ ರಿಪೇರಿ ಇರುತ್ತದೆ. ಆದ್ದರಿಂದ ಬಾಕ್ಸು ಕೊನೆಯದಾಗಿ ತಂದ ಪ್ರತಿಯನ್ನು ಇಟ್ಟುಕೊಂಡು ನಡೆಯಬೇಕು, ಮತ್ತು ಆ ಪ್ರತಿ ಎಷ್ಟು ಹಳೆಯದು ಎಂದು ನಮಗೆ ಯಾವಾಗಲೂ ಗೊತ್ತಿರಬೇಕು. ನನ್ನ ಲೆಕ್ಕದಲ್ಲಿ ಸೇವೆಗಳ ಆಡಳಿತ ಇರುವುದು ಪುಸ್ತಕದಲ್ಲೂ ಅಲ್ಲ, ಬಾಗಿಲಲ್ಲೂ ಅಲ್ಲ. ಇವೆರಡರ ನಡುವಿನ ಹೊತ್ತಿನಲ್ಲಿ. ಆ ಹೊತ್ತು ಎಷ್ಟು ಎಂದು ಕೇಳಿದರೆ ಉತ್ತರ ಹೇಳಲಾಗದ ಸಂಸ್ಥೆಯಲ್ಲಿ ಆಡಳಿತದ ಸಮಿತಿ ಎಷ್ಟು ದೊಡ್ಡದಿದ್ದರೂ ಆಡಳಿತ ಇಲ್ಲ.

ಮಾವನ ಪಹಣಿಗೆ ಒಮ್ಮೆ ಹಿಂತಿರುಗುತ್ತೇನೆ, ಏಕೆಂದರೆ ನಡುವಿನ ಹೊತ್ತೆಲ್ಲ ಕೆಟ್ಟದ್ದಲ್ಲ. ನಮ್ಮ ರಾಜ್ಯದ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ನೋಂದಣಿ ಕಚೇರಿಗಳಿಗೆ ಕಾವೇರಿ ತಂತ್ರಾಂಶ ಬಂತು. ಕ್ರಯಪತ್ರ ನೋಂದಣಿಯಾದ ಮೇಲೆ ಖಾತೆ ಬದಲಾವಣೆಗೆ ಹೋಗಬೇಕಾದ ಜೆ-ಸ್ಲಿಪ್ ಒಂದು ಕಾಲದಲ್ಲಿ ಕಾಗದವಾಗಿ, ಯಾರದೋ ಚೀಲದಲ್ಲಿ, ಯಾವಾಗಲೋ ತಲುಪುತ್ತಿತ್ತು. ಎರಡೂ ತಂತ್ರಾಂಶ ಜೋಡಣೆಯಾದ ಮೇಲೆ ಅದು ತಾನಾಗಿ ಹೋಗುತ್ತದೆ. ಹಾಗಿದ್ದರೂ ಪಹಣಿ ಅದೇ ದಿನ ಬದಲಾಗುವುದಿಲ್ಲ. ನೋಟಿಸು ಹಾಕಿ, ಆಕ್ಷೇಪಣೆ ಇದ್ದವರು ಹೇಳಲಿ ಎಂದು ಕಾಯುತ್ತಾರೆ. ಚೀಲದಲ್ಲಿ ಕಳೆದ ದಿನಗಳು ಅಸಡ್ಡೆಯ ಹೊತ್ತು, ನೋಟಿಸಿನ ದಿನಗಳು ಬೇಕೆಂದೇ ಇಟ್ಟ ಹೊತ್ತು. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಮಾವನಿಗೂ ಹಾಗೆಯೇ ಕಂಡಿತು.

ರಿಜಿಸ್ಟ್ರಿಯಲ್ಲೂ ಬೇಕೆಂದೇ ಇಟ್ಟ ಹೊತ್ತಿಗೆ ಜಾಗ ಇದೆ. ಒಂದು ಸೇವೆ ಅಭಿವೃದ್ಧಿ, ಪರೀಕ್ಷೆ, ಉತ್ಪಾದನೆ ಎಂದು ಮೆಟ್ಟಿಲು ಹತ್ತುತ್ತದೆ. ಪ್ರತಿ ಮೆಟ್ಟಿಲಿಗೆ ಒಬ್ಬರು ಒಪ್ಪಿಗೆ ಕೊಡಬೇಕು. ಯೋಚಿಸುವವರು ಅಲ್ಲಿ ಬೇಕಾದಷ್ಟು ದಿನ ಯೋಚಿಸಲಿ. ಒಪ್ಪಿಗೆಯಾದ ಮೇಲೆ ಬಾಕ್ಸು ತಡಮಾಡಬಾರದು. ನಾನು ಕಂಡ ಬಹುಪಾಲು ಕಡೆ ಇದು ತಲೆಕೆಳಗಾಗಿತ್ತು. ಒಪ್ಪಿಗೆಯನ್ನು ಎರಡು ನಿಮಿಷದಲ್ಲಿ ಒತ್ತಿ, ಜಾರಿಗೆ ಮೂರು ವಾರ ತೆಗೆದುಕೊಳ್ಳುತ್ತಿದ್ದರು.

ಈಗ ಒಂದು ಕಥೆ. ಸಂಸ್ಥೆಯ ಹೆಸರು ಬೇಡ. ಗ್ರಾಹಕರ ವಿಳಾಸ ಬದಲಿಸುವ ಒಂದು ಹಳೆಯ ಸೇವೆಯನ್ನು ನಿವೃತ್ತಿಗೊಳಿಸಬೇಕಿತ್ತು. ರಿಜಿಸ್ಟ್ರಿಯಲ್ಲಿ ಅದು "ನಿವೃತ್ತ" ಎಂದಾಗಿ ಒಂದೂವರೆ ವರ್ಷವೇ ಆಗಿತ್ತು. ಅದರ ಬಳಕೆದಾರರ ಪಟ್ಟಿ ಖಾಲಿ. ಎಲ್ಲ ಸರಿಯಿದೆಯೆಂದು ಒಂದು ಶುಕ್ರವಾರ ಸಂಜೆ ಹಿಂದಿನ ಸರ್ವರನ್ನು ಆರಿಸಿದೆವು. (ಶುಕ್ರವಾರ ಸಂಜೆ ಏನನ್ನೂ ಆರಿಸಬಾರದು, ಬರೆದುಕೊಳ್ಳಿ.) ಶನಿವಾರ ಬೆಳಗ್ಗೆ ಶಾಖೆಗಳಿಂದ ಫೋನು. ಬಾಕ್ಸಿನಲ್ಲಿ ಆ ಸೇವೆಯ ಪ್ರಾಕ್ಸಿ ಇನ್ನೂ ಜೀವಂತವಿತ್ತು. ಯಾರೋ ಎಂದೋ ಕೈಯಿಂದ ಹಾಕಿದ ವಿಜ್‌ಡಲ್ ಅದರ ಕೆಳಗಿತ್ತು, ರಿಜಿಸ್ಟ್ರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕರೆಗಳು ಅಷ್ಟು ದಿನವೂ ನೆಮ್ಮದಿಯಾಗಿ ದಾಟುತ್ತಿದ್ದವು. ಪಟ್ಟಿ ಖಾಲಿಯಿದ್ದದ್ದಕ್ಕೆ ಕಾರಣ ಬಳಕೆದಾರರು ಇಲ್ಲದ್ದಲ್ಲ, ಅವರನ್ನು ಯಾರೂ ಕೇಳದಿದ್ದದ್ದು.

ಆ ಶನಿವಾರದ ಮೇಲೆಯೇ ನಮಗೆ ಜೋಡಣೆಗೆ ಒಪ್ಪಿಗೆ ಸಿಕ್ಕಿತು. ಅದಕ್ಕೆ ಮುಂಚೆ ಎರಡು ವರ್ಷ ಸ್ಲೈಡು ತೋರಿಸಿದ್ದೆವು.

ವಿದ್ಯಾರ್ಥಿಗಳಲ್ಲಿ ಕೆಲವರ ಮುಖ ನೋಡಿದರೆ, ಇದೆಲ್ಲ ಹಳೆಯ ಕಾಲದ್ದಲ್ಲವೇ ಎನ್ನುವ ಹಾಗಿದೆ. ಸೋಪ್ ಹಳೆಯದು, ಒಪ್ಪುತ್ತೇನೆ. ಈಗ ನೀವು ಕುಬರ್ನೆಟೀಸ್ ಎನ್ನುತ್ತೀರಿ, 2016ರಲ್ಲಿ ಮುಕ್ತವಾಗಿ ಬಿಡುಗಡೆಯಾದ ಎನ್‌ವಾಯ್ ಎನ್ನುತ್ತೀರಿ, ಮರುವರ್ಷ ಬಂದ ಇಸ್ಟಿಯೋ ಎನ್ನುತ್ತೀರಿ. ಅಲ್ಲಿ ಪುಸ್ತಕಕ್ಕೆ ಕಂಟ್ರೋಲ್ ಪ್ಲೇನ್ ಎಂದೂ ಬಾಗಿಲಿಗೆ ಡೇಟಾ ಪ್ಲೇನ್ ಎಂದೂ ಹೆಸರು. ಒಂದು ದೊಡ್ಡ ಬಾಗಿಲಿನ ಬದಲು ಪ್ರತಿ ಪ್ರೋಗ್ರಾಮಿನ ಪಕ್ಕದಲ್ಲೂ ಒಂದು ಪುಟ್ಟ ಬಾಗಿಲು. ಬದಲಾವಣೆಯನ್ನು ಬಾಗಿಲು ಹೋಗಿ ಕೇಳಿಕೊಂಡು ಬರಬೇಕಿಲ್ಲ, ಪುಸ್ತಕವೇ ತಳ್ಳುತ್ತದೆ. ನಡುವಿನ ಹೊತ್ತು ಸೆಕೆಂಡುಗಳಿಗೆ ಇಳಿದಿದೆ. ಆದರೆ ಕಂಟ್ರೋಲ್ ಪ್ಲೇನ್ ಬಿದ್ದಾಗ ಎನ್‌ವಾಯ್ ಏನು ಮಾಡುತ್ತದೆ? ಕೊನೆಯದಾಗಿ ಕೇಳಿದ್ದನ್ನೇ ನಂಬಿ ನಡೆಯುತ್ತದೆ. ನಮ್ಮ ನೀಲಿ ಪೆಟ್ಟಿಗೆಯೂ ಅದನ್ನೇ ಮಾಡುತ್ತಿತ್ತು.

ಕಥೆ ಮುಗಿಸುತ್ತೇನೆ. ಜೋಡಿಸಿದ ಮೇಲೆ ತಕ್ಷಣ ಯಾರನ್ನೂ ತಡೆಯಲಿಲ್ಲ. ಪ್ರತಿ ಕರೆಯೂ ತನ್ನ ಬಳಕೆದಾರ ಗುರುತನ್ನು ಹೊತ್ತು ತರಬೇಕು ಎಂದು ನಿಯಮ ಮಾಡಿ, ತರದವರನ್ನು ಒಂದು ತಿಂಗಳು ಬರೀ ಬರೆದಿಟ್ಟುಕೊಳ್ಳಲು ಬಾಕ್ಸಿಗೆ ಹೇಳಿದೆವು. ತಿಂಗಳ ಕೊನೆಗೆ ಲಾಗ್ ತೆಗೆದರೆ, ರಿಜಿಸ್ಟ್ರಿಯಲ್ಲಿದ್ದ ಬಳಕೆದಾರರು 23, ಬಾಗಿಲಿನಲ್ಲಿ ಕಂಡವರು 31. ಬಾಗಿಲು ಮೊದಲ ಸಲ ಪುಸ್ತಕವನ್ನು ತಿದ್ದುತ್ತಿತ್ತು. ಆ ಎಂಟು ಮಂದಿಯನ್ನು ಐಪಿ ವಿಳಾಸ ಹಿಡಿದು ಹುಡುಕಿಕೊಂಡು ಹೊರಟೆವು. ಮೂರು, ಬೇರೆ ಬೇರೆ ವಿಭಾಗಗಳು ತಾವೇ ಬರೆದುಕೊಂಡ ವರದಿಗಳು. ಎರಡು, ಗುತ್ತಿಗೆ ಮುಗಿದು ಹೋದ ಕಂಪನಿಯವರು ಬಿಟ್ಟುಹೋದ ಪ್ರೋಗ್ರಾಮುಗಳು. ಒಂದು, ಕಾಲ್ ಸೆಂಟರಿನ ಹಳೆಯ ಪರದೆ. ಇನ್ನೊಂದು, ಯಾರ ಟೇಬಲ್ಲಿನ ಕೆಳಗೋ ಇದ್ದ ಒಂದು ಕಂಪ್ಯೂಟರು. ಅದನ್ನು ಆರಿಸಿದರೆ ಏನಾಗುತ್ತದೋ ಎಂಬ ಭಯಕ್ಕೆ ಯಾರೂ ಮುಟ್ಟಿರಲಿಲ್ಲ. ಎಂಟನೆಯದು ಪ್ರತಿದಿನ ಬೆಳಗಿನ ಜಾವ ನಾಲ್ಕಕ್ಕೆ ಒಂದೇ ಒಂದು ಕರೆ ಮಾಡುತ್ತಿತ್ತು. ಬಹಳ ದಿನ ಸಿಗಲಿಲ್ಲ. ಕೊನೆಗೆ ಒಬ್ಬ ಹುಡುಗ ಅದರ ಸ್ಕ್ರಿಪ್ಟ್ ತೆರೆದು, ನಗು ತಡೆದುಕೊಂಡು ನನ್ನನ್ನು ಕರೆದ. ಬಾಕ್ಸು ಬದುಕಿದೆಯೇ ಎಂದು ನೋಡಲು ಐದು ವರ್ಷದ ಹಿಂದೆ ಬರೆದದ್ದು, ಮೊದಲ ಸಾಲಿನಲ್ಲಿ ನನ್ನ ಹೆಸರೇ ಇತ್ತು.